ವಾಟರ್‌ಡೀಪ್ ಡ್ರ್ಯಾಗನ್ ಹೈಸ್ಟ್: ಊರಿಗೆ ಫುಲ್ ಮಾರ್ಕ್ಸ್, ಕನ್ನಕ್ಕೆ ಜಸ್ಟ್ ಪಾಸ್

ಡೈಸ್ ಎಸೆಯುತ್ತಾ, ಪಾತ್ರಗಳಾಗಿ ಕಥೆ ಕಟ್ಟುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಐದನೇ ಆವೃತ್ತಿಗೆ 2018ರಲ್ಲಿ ಬಂದ ಈ 224 ಪುಟದ ಪುಸ್ತಕವನ್ನು ಕಥೆಗಾಗಿ ಕೊಳ್ಳುವವರಿಗಿಂತ ಊರಿಗಾಗಿ ಕೊಳ್ಳುವವರಿಗೆ ಲಾಭ ಹೆಚ್ಚು. ಕಥೆ ಇಷ್ಟು: ವಾಟರ್‌ಡೀಪ್ ನಗರದಲ್ಲಿ ಎಲ್ಲೋ ಬಚ್ಚಿಟ್ಟ 5 ಲಕ್ಷ ಚಿನ್ನದ ನಾಣ್ಯ, ಅದರ ಬೆನ್ನು ಬಿದ್ದ ಖಳರು, ನಡುವೆ ಸಿಕ್ಕಿಕೊಂಡ ನಮ್ಮ 1ರಿಂದ 5ನೇ ಲೆವೆಲ್‌ನ ಪಾತ್ರಗಳು. ಮುಖ್ಯ ಖಳ ಯಾರೆಂದು ಆಟ ನಡೆಸುವ ಡಿಎಂ (ಡಂಜನ್ ಮಾಸ್ಟರ್) ಮೊದಲೇ ಆರಿಸಿಕೊಳ್ಳಬೇಕು. ಖಳನ ಜೊತೆ ಋತುವೂ ಬದಲಾಗುತ್ತದೆ: ಜನಾಥರ್‌ಗೆ ವಸಂತ, ಕ್ಯಾಸಲಾಂಟರ್ ಮನೆತನಕ್ಕೆ ಬೇಸಿಗೆ, ಜಾರ್ಲಾಕ್ಸಲ್‌ಗೆ ಶರತ್ಕಾಲ, ಮ್ಯಾನ್‌ಶೂನ್‌ಗೆ ಚಳಿಗಾಲ.

ಮೊದಲು ನಕ್ಷೆಯ ಮಾತು. ಪುಸ್ತಕದ ಜೊತೆ ಮಡಚಿಟ್ಟ ದೊಡ್ಡ ನಕ್ಷೆಯಲ್ಲಿ ಒಂದು ಮಗ್ಗುಲು ಆಟಗಾರರಿಗೆ, ಇನ್ನೊಂದು ಡಿಎಂಗೆ. ಒಂದೇ ಹಾಳೆಯಾದ್ದರಿಂದ ಮೇಜಿನ ಮೇಲೆ ಹಾಸಿದ ಕ್ಷಣದಿಂದ ಡಿಎಂ ಮಗ್ಗುಲು ಡಿಎಂಗೇ ಕಾಣುವುದಿಲ್ಲ. ಹಾಸುವ ಮೊದಲೇ ಆ ಬದಿಯ ಫೋಟೋ ತೆಗೆದು, ವಾರ್ಡುವಾರು ಕತ್ತರಿಸಿ ಫೋನಿನಲ್ಲಿಟ್ಟುಕೊಳ್ಳಿ. ಹಾಳೆ ಮೊದಲು ಹರಿಯುವುದು ಎರಡು ಮಡಿಕೆ ಸೇರುವ ಮೂಲೆಗಳಲ್ಲಿ. ಮೇಲೆ ಪಾರದರ್ಶಕ ಟೇಬಲ್ ಶೀಟ್ ಹಾಕಿದರೆ ಉಳಿಯುತ್ತದೆ, ಮಾರ್ಕರ್‌ನಲ್ಲಿ ದಾರಿಯನ್ನೂ ಗೀಚಬಹುದು. ಆದರೆ ಆಟ ಮುಗಿದ ಕೂಡಲೇ ಒರೆಸಿ. ಮೆತ್ತನೆ ಪ್ಲಾಸ್ಟಿಕ್ ಮೇಲೆ ರಾತ್ರಿಯಿಡೀ ಬಿಟ್ಟ ಶಾಯಿ ಅಲ್ಲೇ ಕೂರುತ್ತದೆ.

ಕಣ್ಣಿಗೆ ಹಬ್ಬ, ಸರಿ. ಆದರೆ ಸಾವಿರಾರು ಸೂರು ಬರೆದ ಈ ನಕ್ಷೆಯಲ್ಲಿ ಪುಸ್ತಕ ಒಳಹೊಕ್ಕು ವಿವರಿಸುವ ಮನೆಗಳು ಬಹಳ ಕಡಿಮೆ. ‘ಈ ಕೆಂಪು ಹೆಂಚಿನ ಕಟ್ಟಡದಲ್ಲಿ ಏನಿದೆ?’ ಎಂದು ಆಟಗಾರ ಬೆರಳಿಟ್ಟರೆ ಉತ್ತರ ನೀವೇ ಹುಟ್ಟಿಸಬೇಕು. ವಾರ್ಡಿಗೆ ಐದರಂತೆ ಅಂಗಡಿ ಮತ್ತು ಮಾಲೀಕರ ಹೆಸರು ಬರೆದಿಟ್ಟುಕೊಂಡರೆ ಬಾಯಿ ಕಟ್ಟುವುದಿಲ್ಲ.

ಕಟ್ಟಡಗಳ ಒಳನಕ್ಷೆಗಳಲ್ಲಿ ಹೆಚ್ಚಿನವು ಡೈಸನ್ ಲೋಗೋಸ್ ಅವರ ಗೆರೆಚಿತ್ರಗಳು. ಜೆರಾಕ್ಸ್‌ಗೆ ಇದಕ್ಕಿಂತ ಒಳ್ಳೆಯದು ಸಿಗದು. ಮಿನಿಯೇಚರ್ (ಪುಟ್ಟ ಗೊಂಬೆ) ಇಟ್ಟು ಒಂದಿಂಚಿನ ಚೌಕದಲ್ಲಿ ಆಡುವವರು ಪುಟದ ಚೌಕವನ್ನು ಮಿಲಿಮೀಟರ್‌ನಲ್ಲಿ ಅಳೆದು, 25.4ನ್ನು (ಒಂದಿಂಚು) ಅದರಿಂದ ಭಾಗಿಸಿ: ಚೌಕ 5 ಮಿ.ಮೀ. ಇದ್ದರೆ ಐದು ಪಟ್ಟು ಹಿಗ್ಗಿಸಬೇಕು. ಅದಕ್ಕೂ ಮುನ್ನ ಚೌಕ ಎಷ್ಟು ಅಡಿಗೆ ಸಮ ಎಂದು ನೋಡಿಕೊಳ್ಳಿ. ಹತ್ತಡಿಯ ಚೌಕವನ್ನು ಐದಡಿ ಎಂದುಕೊಂಡರೆ ಹಜಾರವೇ ಓಣಿಯಾಗಿಬಿಡುತ್ತದೆ.

ಪುಸ್ತಕದ ಜೀವ ಇರುವುದು ಎರಡನೇ ಅಧ್ಯಾಯದಲ್ಲಿ. ಮೊದಲ ಕೆಲಸಕ್ಕೆ ಸಂಭಾವನೆಯಾಗಿ ಪಾತ್ರಗಳಿಗೆ ಟ್ರೋಲ್‌ಸ್ಕಲ್ ಮ್ಯಾನರ್ ಎಂಬ ಪಾಳುಬಿದ್ದ ಹೆಂಡದಂಗಡಿ ಸಿಗುತ್ತದೆ. ಒಳಗೆ ಲಿಫ್ ಎಂಬ ಹಿಂದೆ ಅಲ್ಲಿ ಹೆಂಡ ಹಂಚುತ್ತಿದ್ದವನ ದೆವ್ವ. ಗಲ್ಲಿಯಲ್ಲಿ ಕಮ್ಮಾರ ಜೋಡಿ, ಗಿಡಮೂಲಿಕೆಯಂಗಡಿ, ಮರಗೆಲಸದ ಟ್ಯಾಲಿ, ಪುಸ್ತಕ ಮಾರುವ ಡ್ರ್ಯಾಗನ್‌ಬಾರ್ನ್ (ಡ್ರ್ಯಾಗನ್ ರೂಪದ ಮನುಷ್ಯ) ರಿಶಾಲ್, ಮತ್ತು ವಿನ್ಸೆಂಟ್ ಟ್ರೆಂಚ್ ಎಂಬ ಪತ್ತೇದಾರ. ಆತ ವೇಷ ಮರೆಸಿದ ರಾಕ್ಷಸ. ಹೌದು, ಆಟದಲ್ಲೂ ಆ ಜೀವಿಯ ಹೆಸರು ‘ರಾಕ್ಷಸ’ವೇ, ನಮ್ಮ ಪುರಾಣದಿಂದಲೇ ಹೋದದ್ದು. ಹೊಟ್ಟೆಕಿಚ್ಚಿನ ಎದುರಾಳಿ ವ್ಯಾಪಾರಿ ಎಮ್ಮೆಕ್ ಫ್ರೂನ್ ಬೇರೆ ಇದ್ದಾನೆ. ಪರವಾನಗಿ, ದುರಸ್ತಿ, ಸಂಘಗಳ ವಸೂಲಿ ಇವೆಲ್ಲ ಶುರುವಾದ ಮೇಲೆ ಆಟಗಾರರು ನಿಧಿಯನ್ನೇ ಮರೆಯಬಹುದು. ಮರೆಯಲಿ ಬಿಡಿ.

ಪುಸ್ತಕದಲ್ಲಿ ನಗರದ ಕಾನೂನು ಸಂಹಿತೆಯ ಹಾಳೆಯೂ ಇದೆ; ಮೊದಲ ದಿನವೇ ಆಟಗಾರರ ಕೈಗೆ ಕೊಡಿ. ಸಮರ್ಥನೆಯಿಲ್ಲದ ಕೊಲೆಗೆ ಮರಣದಂಡನೆ, ಇಲ್ಲವೇ 10 ವರ್ಷದವರೆಗೆ ಕಠಿಣ ದುಡಿಮೆ. ಕಂಡವರ ಮೇಲೆ ಕತ್ತಿ ಎತ್ತುವ ಗುಂಪು ಇದನ್ನು ಓದದೆ ಶುರುಮಾಡಿದರೆ ಮೂರನೇ ಸೆಷನ್ ಕೋರ್ಟಿನಲ್ಲೇ ಕಳೆಯುತ್ತದೆ.

ಇನ್ನು ಕನ್ನದ ವಿಚಾರ. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ. ರಟ್ಟಿನ ಮೇಲೆ ‘ಹೈಸ್ಟ್’ ಎಂದಿದ್ದರೂ ಹೊಂಚುಹಾಕಿ, ಯೋಜನೆ ಮಾಡಿ ಒಳನುಗ್ಗುವ ಪ್ರಸಂಗವೇ ಇಲ್ಲ. ನಾಲ್ಕನೇ ಅಧ್ಯಾಯದಲ್ಲಿ 10 ಜಾಗಗಳಿವೆ, ಋತುವಿಗೆ ತಕ್ಕಂತೆ 8ನ್ನು ಬೇರೆಬೇರೆ ಕ್ರಮದಲ್ಲಿ ಪೋಣಿಸಲಾಗಿದೆ. ಒಂದರಿಂದ ಇನ್ನೊಂದಕ್ಕೆ ಓಡುವುದಷ್ಟೇ ಪಾತ್ರಗಳ ಕೆಲಸ. ಅತ್ತ ಐದರಿಂದ ಎಂಟನೇ ಅಧ್ಯಾಯದವರೆಗೆ ಖಳರ ನಾಲ್ಕು ಅಡಗುತಾಣಗಳು ಸೊಗಸಾದ ನಕ್ಷೆಗಳೊಂದಿಗೆ ಸುಮ್ಮನೆ ಬಿದ್ದಿವೆ. ಕಥೆ ಮುಗಿಸಲು ಅಲ್ಲಿ ಕಾಲಿಡಲೇಬೇಕೆಂದಿಲ್ಲ. ಮದ್ದು ಸುಲಭ: ನಿಧಿಯ ಗುಟ್ಟು ಬಲ್ಲ ಗೊಲೋರ್ ಕಲ್ಲನ್ನು ನೀವು ಆರಿಸಿದ ಖಳನ ಅಡಗುತಾಣದಲ್ಲೇ ಇಡಿ, ಓಟದ ಸರಪಳಿಯಿಂದ ಮೂರು ಜಾಗ ಮಾತ್ರ ಉಳಿಸಿ. ಮನೆಯ ನಕ್ಷೆ ಕದಿಯಲು, ಆಳುಗಳನ್ನು ಮಾತಾಡಿಸಲು ಒಂದು ಸೆಷನ್, ನುಗ್ಗಲು ಇನ್ನೊಂದು.

ಮೊದಲ ಅಧ್ಯಾಯದಲ್ಲೇ ಒಂದು ಗುಂಡಿಯಿದೆ. ಜನಾಥರ್ ಬಂಟರ ತಾಣದಲ್ಲಿ ಇಂಟೆಲೆಕ್ಟ್ ಡಿವೌರರ್ ಎಂಬ ಮಿದುಳು ತಿನ್ನುವ ಪ್ರಾಣಿ ಇದೆ, ಪಾತ್ರಗಳಿನ್ನೂ ಮೊದಲ ಲೆವೆಲ್‌ನಲ್ಲಿವೆ. ತಪ್ಪಿಸಿಕೊಳ್ಳುವ ಎಸೆತ (ಸೇವಿಂಗ್ ಥ್ರೋ) 12 ಮುಟ್ಟದಿದ್ದರೆ ಮೂರು ಡೈಸ್ ಎಸೆತ. ಮೊತ್ತ ಪಾತ್ರದ ಇಂಟೆಲಿಜೆನ್ಸ್ ಮುಟ್ಟಿದರೆ ಅದು ಸೊನ್ನೆಗಿಳಿಯುತ್ತದೆ. ಇಂಟೆಲಿಜೆನ್ಸ್ 8ರ ಫೈಟರ್‌ಗೆ ನೂರಕ್ಕೆ 84 ಸಲ ಇದೇ ಗತಿ, ವಾಸಿಮಾಡುವ ಗ್ರೇಟರ್ ರೆಸ್ಟೊರೇಶನ್ ಮಂತ್ರ ಪುರೋಹಿತನಿಗೆ ದಕ್ಕುವುದು 9ನೇ ಲೆವೆಲ್‌ಗೆ. ಮೂರರ ಬದಲು ಎರಡು ಡೈಸ್ ಎಸೆದರೆ ಆ 84 ಸುಮಾರು 42ಕ್ಕೆ ಇಳಿಯುತ್ತದೆ. ಅಥವಾ ಆ ಪ್ರಾಣಿ ಒಡೆಯನ ಹಿಂದೆ ಹೊರಟುಹೋಯಿತು ಎಂದುಬಿಡಿ.

ಕೊನೆಯಲ್ಲಿ ನಿಧಿ ಕಾಯುವುದು ಬಲಿತ ಚಿನ್ನದ ಡ್ರ್ಯಾಗನ್. 5ನೇ ಲೆವೆಲ್‌ನವರು ಅದರೊಡನೆ ಮಾತಾಡಬೇಕೇ ಹೊರತು ಕಾದಾಡಬಾರದು. ಮಾತಿನಲ್ಲಿ ಗೆದ್ದರೆ? ನಿಯಮದ ಪ್ರಕಾರ 50 ನಾಣ್ಯಕ್ಕೆ ಒಂದು ಪೌಂಡ್, ಅಂದರೆ 5 ಲಕ್ಷಕ್ಕೆ 10,000 ಪೌಂಡ್, ನಾಲ್ಕೂವರೆ ಟನ್. ಸ್ಟ್ರೆಂತ್ 16 ಇರುವ ಪಾತ್ರ ಹೊರಬಲ್ಲದ್ದು 240 ಪೌಂಡ್. ಮೈಮೇಲಿನ ಕವಚ ಬಿಚ್ಚಿಟ್ಟು ಬಂದರೂ ನೆಲಮಾಳಿಗೆಯಿಂದ 42 ಸಲ ಮೆಟ್ಟಿಲು ಹತ್ತಬೇಕು.