ನಡು ಮುರಿಯುವ .32 ರಿವಾಲ್ವರ್: ಪಿಸ್ತೂಲಿನ ತೋಟಾ ಹಾಕುವಂತಿದ್ದರೆ!

ಮೊದಲೇ ತೀರ್ಪು: ಆಯುಧ ಗಟ್ಟಿ, ತೋಟಾ ಹಳೇ ಕಾಲದ್ದು. 5ಕ್ಕೆ 3 ನಕ್ಷತ್ರ. ಕಳೆದ ಎರಡರಲ್ಲಿ ಒಂದೂವರೆ ನಕ್ಷತ್ರ ಖಾಲಿ ಕೇಸು (ಗುಂಡು ಹಾರಿದ ಮೇಲೆ ಉಳಿಯುವ ತೋಟಾದ ಲೋಹದ ಕವಚ) ಹೊರತೆಗೆಯುವ ಗೋಳಿಗೇ ಹೋಯಿತು.

ಶಿರಾ, ಪಾವಗಡ ಕಡೆಯ ತೋಟದ ಮನೆಗಳಲ್ಲಿ ಲೈಸೆನ್ಸ್ ಮೇಲೆ ಇಟ್ಟುಕೊಳ್ಳುವ 6 ತೋಟಾದ, ನಡು ಮುರಿದು, ಅಂದರೆ ನಳಿಗೆ ಕೀಲಿನ ಮೇಲೆ ಕೆಳಕ್ಕೆ ಬಾಗಿ, ತೆರೆಯುವ ರಿವಾಲ್ವರ್ ಬಗ್ಗೆ ಈ ಮಾತು. ಇದಕ್ಕೆ ಹಾಕುವುದು .32 ಲಾಂಗ್: ತಳದಲ್ಲಿ ಅಗಲವಾದ ರಿಮ್ (ಅಂಚು), ಮುಂದೆ ಸೀಸದ 98 ಗ್ರೇನ್ (ಸುಮಾರು 6.35 ಗ್ರಾಂ) ಗುಂಡು. ತೆರೆದಾಗ ನಕ್ಷತ್ರದಾಕಾರದ ಎಕ್ಸ್‌ಟ್ರಾಕ್ಟರ್ ಮೇಲೆದ್ದು ಆರೂ ಕೇಸುಗಳನ್ನು ರಿಮ್ ಹಿಡಿದು ಎತ್ತುತ್ತದೆ. ನಾಜೂಕಾಗಿ, ನಿಧಾನಕ್ಕೆ ತೆರೆದರೆ ಕೆಟ್ಟಿತು. ಒಂದು ಕೇಸು ಅರ್ಧ ಎದ್ದು ನಕ್ಷತ್ರದ ಅಡಿಗೆ ಜಾರುತ್ತದೆ. ನಕ್ಷತ್ರ ವಾಪಸ್ ಕೂರುವುದಿಲ್ಲ, ರಿವಾಲ್ವರ್ ಮುಚ್ಚುವುದೂ ಇಲ್ಲ. ನಕ್ಷತ್ರವನ್ನು ಪೂರ್ತಿ ಎತ್ತಿ ಹಿಡಿದು, ಸಿಕ್ಕಿಕೊಂಡ ಕೇಸನ್ನು ತೆಳ್ಳಗಿನ ಕಡ್ಡಿಯಿಂದ ಬಿಡಿಸಬೇಕು. ಪಕ್ಕಕ್ಕೆ ವಾಲಿಸಿ ಒಂದೇ ಏಟಿಗೆ ತೆರೆದರೆ ಈ ಕಾಟ ಬಹಳ ಕಡಿಮೆ. ಇನ್ನೊಂದು, ಉರಿಯದೆ ಉಳಿದ ಮದ್ದಿನ ಕಾಳು ನಕ್ಷತ್ರದ ಅಡಿಯಲ್ಲಿ ಕೂತರೂ ತೋಟಾ ಹೊತ್ತು ತಿರುಗುವ ಸಿಲಿಂಡರ್ ಬಿಗಿಯಾಗುತ್ತದೆ. ಹಳೇ ಟೂತ್‌ಬ್ರಷ್ ಸಾಕು, ಆದರೆ ಪ್ರತಿ ಸಲ ಬೇಕು.

ಪಿಸ್ತೂಲಿನ ತೋಟಾ ತಿನ್ನುವ ರಿವಾಲ್ವರ್‌ನಲ್ಲಿ ಈ ಗೋಳೇ ಇಲ್ಲ. ಆ ತೋಟಾಕ್ಕೆ ನಕ್ಷತ್ರ ಹಿಡಿಯುವಷ್ಟು ಅಗಲದ ರಿಮ್ ಇಲ್ಲ, ಅದಕ್ಕೇ ತೋಟಾಗಳನ್ನು ಮೂನ್ ಕ್ಲಿಪ್ ಎಂಬ ತೆಳು ಉಕ್ಕಿನ ತಟ್ಟೆಗೆ ಸಿಕ್ಕಿಸಿ, ಒಟ್ಟಿಗೇ ಹಾಕಿ ಒಟ್ಟಿಗೇ ತೆಗೆಯುತ್ತಾರೆ. ಹೊಸ ಐಡಿಯಾ ಏನಲ್ಲ. 1917ರಲ್ಲಿ ಅಮೆರಿಕದ ಸೈನ್ಯಕ್ಕೆ ಪಿಸ್ತೂಲು ಸಾಲದೆ ಬಂದಾಗ ಕೋಲ್ಟ್ ಮತ್ತು ಸ್ಮಿತ್ ಅಂಡ್ ವೆಸನ್ ಕಂಪನಿಗಳು .45 ಪಿಸ್ತೂಲಿನ ತೋಟಾಕ್ಕೇ ರಿವಾಲ್ವರ್ ಮಾಡಿಕೊಟ್ಟವು. ಆಗಿನ ಅರ್ಧಚಂದ್ರ ಕ್ಲಿಪ್ಪಿಗೆ 3 ತೋಟಾ.

ಈಗ ಅಮೆರಿಕದಲ್ಲಿ 9 ಎಂಎಂ ಪಿಸ್ತೂಲಿನ ತೋಟಾದ ರಿವಾಲ್ವರ್ ನಡೆಯುತ್ತದೆ, ಅದಕ್ಕೆ ಕಾರಣವೂ ಇದೆ. ರಿವಾಲ್ವರಿಗೆಂದೇ ಮಾಡಿದ .38 ಸ್ಪೆಷಲ್ ತೋಟಾದ ಕೇಸಿನ ಉದ್ದ ಸುಮಾರು 29.3 ಮಿಮೀ, 9 ಎಂಎಂದು 19.15. ಗಿಡ್ಡ ನಳಿಗೆಯ ರಿವಾಲ್ವರ್‌ನಲ್ಲಿ ಕೇಸು ಹೊರದೂಡುವ ತಳ್ಳುಕಡ್ಡಿಯೂ ಗಿಡ್ಡ. ಉದ್ದನೆ ಕೇಸು ಕೊನೆಯಲ್ಲಿ ನೇತುಬೀಳುತ್ತದೆ, ಗಿಡ್ಡ ಕೇಸು ಪೂರ್ತಿ ಹೊರಬೀಳುತ್ತದೆ. ಒತ್ತಡದ ಮಿತಿ .38ಕ್ಕೆ ಚದರ ಇಂಚಿಗೆ 17,000 ಪೌಂಡ್, 9 ಎಂಎಂಗೆ 35,000. ಅಂದರೆ ಚಿಕ್ಕ ಕೇಸಿನಲ್ಲೇ ಹೆಚ್ಚು ಕಸುವು.

ಹಾಗಂತ ಪುಕ್ಕಟೆಯಲ್ಲ. ಕ್ಲಿಪ್ ಕೂದಲೆಳೆಯಷ್ಟು ಬಗ್ಗಿದರೂ ಸಿಲಿಂಡರ್ ತಿಕ್ಕುತ್ತದೆ, ಟ್ರಿಗರ್ ಭಾರವಾಗುತ್ತದೆ, ಇಲ್ಲವೇ ತೋಟಾ ಹೊಡೆಯುವುದೇ ಇಲ್ಲ. ಕ್ಲಿಪ್ಪನ್ನು ಖಾಲಿ ಕೇಸುಗಳ ಜೊತೆ ಸಿಲಿಂಡರಿಗೆ ಹಾಕಿ ಮುಚ್ಚಿ, ಕೈಯಲ್ಲಿ ತಿರುಗಿಸಿ ನೋಡಬೇಕು. ಎಲ್ಲಾದರೂ ತಡೆದರೆ ಆ ಕ್ಲಿಪ್ ಕಸಕ್ಕೆ. ಪ್ಯಾಂಟಿನ ಜೇಬಿನಲ್ಲಿ ಬಿಡಿಯಾಗಿ ಇಡುವ ವಸ್ತುವಲ್ಲ ಅದು. ಎರಡನೆಯದು ಇನ್ನೂ ಕೆಟ್ಟದ್ದು. ಪಿಸ್ತೂಲಿನ ತೋಟಾದಲ್ಲಿ ಕೇಸಿನ ಬಾಯಿ ಗುಂಡನ್ನು ಅಷ್ಟು ಬಿಗಿಯಾಗಿ ಕಚ್ಚಿರುವುದಿಲ್ಲ. ಹಗುರ ರಿವಾಲ್ವರ್ ಹಿಂದಕ್ಕೆ ಒದ್ದಾಗ ಕೇಸು ಹಿಂದೆ ಹೋಗುತ್ತದೆ, ಗುಂಡು ಮುಂದಕ್ಕೆ ಜಾರುತ್ತದೆ. ಸಿಲಿಂಡರಿನ ಮುಂಬಾಯಿಂದ ಹೊರಗೆ ಚಾಚಿತೋ, ಸಿಲಿಂಡರ್ ತಿರುಗುವುದೇ ಇಲ್ಲ. ಪರೀಕ್ಷೆ ಸುಲಭ: ಒಂದನ್ನು ಬಿಟ್ಟು ಉಳಿದೆಲ್ಲ ಹೊಡೆದು, ಆ ಕೊನೆಯ ತೋಟಾದ ಉದ್ದವನ್ನು ಕ್ಯಾಲಿಪರ್‌ನಲ್ಲಿ ಮೊದಲಿನ ಅಳತೆಗೆ ಹೋಲಿಸಿ. ಉದ್ದವಾಗಿದ್ದರೆ ಆ ಬ್ರ್ಯಾಂಡ್ ಬೇಡ.

ನಮ್ಮಲ್ಲಿ 9 ಎಂಎಂ ಮತ್ತು .45 ನಿಷೇಧಿತ ಬೋರ್, ಅಂದರೆ ಸಾಮಾನ್ಯ ಲೈಸೆನ್ಸಿಗೆ ಸಿಗದ ಅಳತೆ. ಆ ಆಸೆ ಬಿಡಿ. ಉಳಿಯುವುದು ಮುಖ್ಯವಾಗಿ .32 ಎಸಿಪಿ, ಜನ 7.65 ಅನ್ನುವ ಪಿಸ್ತೂಲಿನ ತೋಟಾ. ಅದಕ್ಕೆಂದೇ ಕೊರೆದ, ಕ್ಲಿಪ್ ಹಿಡಿಯುವ ರಿವಾಲ್ವರ್ ಬಂದರೆ ಇದೇ ವಿಮರ್ಶೆಯಲ್ಲಿ ನಾಲ್ಕೂವರೆ ನಕ್ಷತ್ರ ಬರೆಯಬಹುದು.

ಆದರೆ ಈಗಿರುವ .32 ಲಾಂಗ್ ರಿವಾಲ್ವರಿಗೇ 7.65 ಹಾಕಿ ನೋಡುವವರಿದ್ದಾರಲ್ಲ, ಅಲ್ಲೇ ಅಪಾಯ. ಎರಡರ ಕೇಸಿನ ದಪ್ಪವೂ ಹೆಚ್ಚುಕಡಿಮೆ ಒಂದೇ, ಅದಕ್ಕೇ ಒಳಗೆ ಕೂರುತ್ತದೆ. ಕೂತಿತು ಅಂದರೆ ಸರಿಹೊಂದಿತು ಅಂತಲ್ಲ. ಲಾಂಗ್ ತೋಟಾದ ಒತ್ತಡದ ಮಿತಿ 15,000 ಪೌಂಡ್, ಎಸಿಪಿಯದು 20,500. ನಡು ಮುರಿಯುವ ಚೌಕಟ್ಟಿನ ಕೊಂಡಿ ಆ ಹೊಡೆತಕ್ಕೆ ಮಾಡಿದ್ದಲ್ಲ; ಮೊದಲು ಸಡಿಲವಾಗುತ್ತದೆ, ಆಮೇಲೆ ಏನಾಗುತ್ತದೋ ನೋಡುವ ಹೊತ್ತಿಗೆ ಕೈ ಅಲ್ಲೇ ಇರುತ್ತದೆ. ಮೇಲಾಗಿ ಎಸಿಪಿಯ ರಿಮ್ ಕಾಲು ಮಿಲಿಮೀಟರ್ ತೆಳು, ಅಗಲವೂ ಕಮ್ಮಿ. ತೋಟಾದ ತಳಕ್ಕೆ ಹೊಡೆಯುವ ಪಿನ್ನಿನ ಏಟು ಪೂರ್ತಿ ಬೀಳುವುದಿಲ್ಲ, ನಕ್ಷತ್ರಕ್ಕೂ ಸರಿಯಾಗಿ ಸಿಗುವುದಿಲ್ಲ. ಅಂಗಡಿಯಲ್ಲಿ "32 ಕೊಡಿ" ಅಂದರೆ ಎರಡರಲ್ಲಿ ಯಾವುದಾದರೂ ಕೈಗೆ ಬರಬಹುದು. ಡಬ್ಬಿ ತೆರೆಸಿ ನೋಡಿ: ಗುಂಡು ಬೂದು ಸೀಸದ್ದು, ಕೇಸು 23 ಮಿಮೀ ಉದ್ದ ಇದ್ದರೆ ಲಾಂಗ್, ಸಾಮಾನ್ಯವಾಗಿ ತಾಮ್ರದ ಹೊದಿಕೆ, 17 ಮಿಮೀ ಕೇಸು ಇದ್ದರೆ ಎಸಿಪಿ.

ಚುನಾವಣೆ ಬಂದು ಠಾಣೆಗೆ ಡಿಪಾಸಿಟ್ ಮಾಡುವಾಗ ಚರ್ಮದ ಚೀಲ ಮನೆಯಲ್ಲೇ ಇರಲಿ. ಚರ್ಮ ತೇವ ಹಿಡಿದಿಟ್ಟು ತುಕ್ಕು ತರಿಸುತ್ತದೆ. ತೆಳ್ಳಗೆ ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ ಕೊಡಿ. ವಾಪಸ್ ತಂದ ಮೇಲೆ ಸಿಲಿಂಡರಿನ ಆರೂ ತೂತು ಒಣಗಿಸಿಯೇ ತೋಟಾ ಹಾಕಿ. ಎಣ್ಣೆ ಪ್ರೈಮರಿಗೆ (ಮದ್ದಿಗೆ ಕಿಡಿ ಕೊಡುವ, ತೋಟಾದ ತಳದ ಬಿಲ್ಲೆಗೆ) ಇಳಿದರೆ ಗುಂಡು ಹಾರದೆ ಟಿಕ್ ಅನ್ನುತ್ತದೆ, ಅಷ್ಟೇ.