ಕೈಯಲ್ಲಿ ಬಂದೂಕಿದ್ದರೂ ಹೆದರಿಸುವ ಗೇಮ್ ಯಾವುದು?

ಹಾರರ್ ಗೇಮ್‌ನಲ್ಲಿ ಕೈಗೆ ಬಂದೂಕು ಸಿಕ್ಕಿತೆಂದರೆ ಅರ್ಧ ಹೆದರಿಕೆ ಅಲ್ಲೇ ಇಳಿದುಹೋಗುತ್ತದೆ. ಆಕ್ಷನ್ ಹಾರರ್ ಮಾಡುವುದು ಕಷ್ಟ ಅನ್ನುವುದು ಇದಕ್ಕೇ. ಹೊಡೆದಾಟ ಮಜಾ ಕೊಡಬೇಕು, ಆದರೆ ಧೈರ್ಯ ಕೊಡಬಾರದು. ಈ ಒಂದೇ ಅಳತೆ ಹಿಡಿದು ನಾನು ಆಡಿ ಮುಗಿಸಿದ ಮೂರನ್ನು ಪಕ್ಕಪಕ್ಕ ಇಡುತ್ತಿದ್ದೇನೆ: ದಿ ಈವಿಲ್ ವಿದಿನ್ 2 (2017), ಅಲನ್ ವೇಕ್ 2 (2023), ಸೈಲೆಂಟ್ ಹಿಲ್ 2 ರೀಮೇಕ್ (2024). ಮೂರೂ ಮನಸ್ಸಿನೊಳಗಿನ ಕತೆಗಳೇ. ಕೊನೆ ಏನಾಗುತ್ತದೆ ಅಂತ ಎಲ್ಲೂ ಹೇಳುವುದಿಲ್ಲ, ನಿಶ್ಚಿಂತೆಯಿಂದ ಓದಿ.

ಬರೀ ಆಕ್ಷನ್ ನೋಡಿದರೆ ಈವಿಲ್ ವಿದಿನ್ 2 ಮುಂದೆ ಉಳಿದೆರಡೂ ನಿಲ್ಲುವುದಿಲ್ಲ. ಮೊದಲ ಭಾಗವನ್ನು ಶಿಂಜಿ ಮಿಕಾಮಿ ನಿರ್ದೇಶಿಸಿದ್ದರು, ಇದು ಜಾನ್ ಜೋಹಾನಸ್ ನಿರ್ದೇಶನದ್ದು. ಬೆಂಕಿಯಲ್ಲಿ ಸತ್ತಳೆಂದು ನಂಬಿದ್ದ ಮಗಳು ಲಿಲಿ ಬದುಕಿದ್ದಾಳೆಂದು ತಿಳಿದು ಪತ್ತೇದಾರ ಸೆಬಾಸ್ಟಿಯನ್ ಯೂನಿಯನ್ ಎಂಬ ಕೃತಕ ಊರಿಗೆ ಇಳಿಯುತ್ತಾನೆ. ಊರು ಸಾಕಷ್ಟು ದೊಡ್ಡದು, ಯಾವ ಮನೆಗೆ ನುಗ್ಗಬೇಕು, ಯಾವ ಬೀದಿ ಬಿಡಬೇಕು ಅನ್ನುವುದು ನಮಗೆ ಬಿಟ್ಟಿದ್ದು. ಕ್ರಾಸ್‌ಬೋನಲ್ಲಿ (ಬಾಣ ಹೊಡೆಯುವ ಬಿಲ್ಲು) ಶಾಕ್ ಬೋಲ್ಟ್, ಅಂದರೆ ಕರೆಂಟ್ ಹೊಡೆಯುವ ಬಾಣ ಹಾಕಿ, ನೀರು ನಿಂತ ಕಡೆಗೆ ಶತ್ರುಗಳನ್ನು ಎಳೆದು ತಂದು ಹೊಡೆದರೆ ಒಂದೇ ಏಟಿಗೆ ಎಲ್ಲರೂ ಕುಸಿಯುತ್ತಾರೆ. ಆ ಖುಷಿಯೇ ಬೇರೆ.

ನನಗೆ ತುಂಬಾ ಹಿಡಿಸಿದ್ದು ಗುಂಡಿನ ಲೆಕ್ಕಾಚಾರ. ಸೇಫ್‌ಹೌಸ್‌ನ ವರ್ಕ್‌ಬೆಂಚ್‌ನಲ್ಲಿ ಕೂತು ಗುಂಡು ಮಾಡಿಕೊಂಡರೆ ಸಾಮಗ್ರಿ ಕಡಿಮೆ ಸಾಕು. ಬೀದಿಯಲ್ಲಿ, ಬೆನ್ನ ಹಿಂದೆ ಯಾರೋ ಬರುತ್ತಿರುವಾಗ ಆತುರಕ್ಕೆ ಮಾಡಿದರೆ ಹೆಚ್ಚು ಖರ್ಚಾಗುತ್ತದೆ. ಅಂದರೆ ಗಾಬರಿಗೆ ಇಲ್ಲಿ ಬೆಲೆ ಕಟ್ಟಿದ್ದಾರೆ! ಜೊತೆಗೆ ಅನಿಮಾ ಎಂಬ ಹೆಣ್ಣು ಭೂತವಿದೆ. ಗುನುಗುತ್ತಾ ಬರುತ್ತದೆ, ಅದಕ್ಕೆ ಗುಂಡು ನಾಟುವುದಿಲ್ಲ. ಅಷ್ಟು ಹೊತ್ತು ಕೂಡಿಟ್ಟ ಬಲವೆಲ್ಲ ಅದು ಸುತ್ತುವ ಮನೆಯೊಳಗೆ ಶೂನ್ಯ. ಹೊರಗೆ ಬಂದ ಮೇಲೂ ನಾನು ಸ್ವಲ್ಪ ಹೊತ್ತು ಬಗ್ಗಿಕೊಂಡೇ ನಡೆದೆ.

ಕೊರತೆ ಅಂದರೆ, ಸೆಬಾಸ್ಟಿಯನ್‌ನ ಅಪರಾಧಿ ಭಾವ ಮಾತಿನಲ್ಲಿ, ಕಟ್‌ಸೀನ್‌ನಲ್ಲಿ (ನಾವು ಆಡದೆ ಬರೀ ನೋಡುವ ದೃಶ್ಯ) ಇರುತ್ತದೆ. ಹೊಡೆದಾಟ ಶುರುವಾದರೆ ಅದು ಪಕ್ಕಕ್ಕೆ ಸರಿಯುತ್ತದೆ. ಕೊನೆಯ ಹೊತ್ತಿಗೆ ಅವನು ನಿಜಕ್ಕೂ ಬಲಶಾಲಿ.

ಫಿನ್‌ಲ್ಯಾಂಡಿನ ರೆಮೆಡಿಯವರ ಅಲನ್ ವೇಕ್ 2 ಇದಕ್ಕೆ ತದ್ವಿರುದ್ಧ. ನೋಟ, ಕತೆ, ಸಂಗೀತ ಎಲ್ಲದರಲ್ಲೂ ಅದ್ಭುತ. ಟಾರ್ಚ್ ಬೆಳಕಿನಿಂದ ಶತ್ರುಗಳ ಮೇಲಿನ ಕತ್ತಲೆಯ ಕವಚ ಸುಟ್ಟು, ಆಮೇಲೆ ಗುಂಡು ಹೊಡೆಯಬೇಕು. ಇದರಲ್ಲಿ ಇಬ್ಬರಾಗಿ ಆಡುತ್ತೇವೆ: ಲೇಖಕ ಅಲನ್ ಮತ್ತು ತನಿಖಾಧಿಕಾರಿ ಸಾಗಾ. ಅಲನ್‌ನ ನ್ಯೂಯಾರ್ಕ್ ಬೀದಿಗಳಲ್ಲಿ ಹತ್ತಾರು ನೆರಳುಗಳು ಪಿಸುಗುಟ್ಟುತ್ತವೆ, ಯಾವುದು ಮೈಮೇಲೆ ಬೀಳುತ್ತದೋ ಗೊತ್ತಾಗುವುದಿಲ್ಲ. ಆ ಅನುಮಾನ ಚೆನ್ನಾಗಿದೆ. ಆದರೆ ಎಫ್‌ಬಿಐನ ಸಾಗಾ ಭಾಗದಲ್ಲಿ ಪದೇಪದೇ ಕೇಸ್ ಬೋರ್ಡಿಗೆ (ಸುಳಿವುಗಳನ್ನು ಜೋಡಿಸುವ ಹಲಗೆ) ಚಿತ್ರ ಅಂಟಿಸುವ ಕೆಲಸ ಬರುತ್ತದೆ, ಏರಿದ ಬಿಸಿ ಆರಿಹೋಗುತ್ತದೆ. ಆಕ್ಷನ್‌ಗೋಸ್ಕರ ಕೊಳ್ಳುವವರು ಇದನ್ನು ಆಮೇಲೆ ಆಡಲಿ.

ಸೈಲೆಂಟ್ ಹಿಲ್ 2 ಮೂಲತಃ 2001ರದ್ದು, ರೀಮೇಕ್ ಮಾಡಿದ್ದು ಪೋಲೆಂಡಿನ ಬ್ಲೂಬರ್ ಟೀಮ್. ಸತ್ತ ಹೆಂಡತಿ ಮೇರಿಯಿಂದ ಬಂದ ಕಾಗದ ಹಿಡಿದು ಜೇಮ್ಸ್ ಮಂಜು ಮುಸುಕಿದ ಊರಿಗೆ ಬರುತ್ತಾನೆ. ಇಲ್ಲಿ ಕ್ಯಾಮೆರಾ ಭುಜದ ಹಿಂದೆ ಬಂದಿದೆ, ಏಟು ತಪ್ಪಿಸಿಕೊಳ್ಳಲು ಬಟನ್ ಇದೆ. ಆದರೂ ಜೇಮ್ಸ್ ಯೋಧ ಆಗುವುದಿಲ್ಲ. ಕಬ್ಬಿಣದ ಪೈಪ್ ಬೀಸಿದಾಗ ಅದರ ಭಾರ ನಮ್ಮ ಕೈಗೂ ತಾಗಿದಂತಿರುತ್ತದೆ. ಮ್ಯಾನಿಕಿನ್ ಎಂಬ ಗೊಂಬೆಯಂಥ ರಾಕ್ಷಸಗಳು ಮೂಲೆಯಲ್ಲಿ ಅಲ್ಲಾಡದೆ ಅವಿತಿರುತ್ತವೆ. ರಾಕ್ಷಸ ಹತ್ತಿರವಿದ್ದರೆ ಜೇಮ್ಸ್‌ನ ರೇಡಿಯೊ ಕರಕರ ಅನ್ನುತ್ತದೆ, ಎಲ್ಲಿದೆ ಅಂತ ಮಾತ್ರ ಹೇಳುವುದಿಲ್ಲ.

ಇನ್ನೊಂದು ಸಂಗತಿಯಿಂದಾಗಿ ನನ್ನ ಮಟ್ಟಿಗೆ ಇದೇ ಗೆದ್ದಿತು. ಇದಕ್ಕೆ ಎಂಟು ಕೊನೆಗಳಿವೆ. ಅವುಗಳಲ್ಲಿ ಕೆಲವು ನಮ್ಮ ಆಟದ ರೀತಿಯಿಂದಲೇ ನಿರ್ಧಾರವಾಗುತ್ತವೆ. ಗಾಯವಾದರೂ ಔಷಧಿ ತೆಗೆದುಕೊಳ್ಳದೆ ಅಲೆದರೆ, ಈ ಮನುಷ್ಯನಿಗೆ ಬದುಕುವ ಆಸೆ ಇಲ್ಲ ಅಂತ ಗೇಮ್ ಲೆಕ್ಕ ಹಾಕುತ್ತದೆ. ಮೇರಿಯ ಫೋಟೊ ತೆಗೆದು ನೋಡಿದರೆ ಅದನ್ನೂ ಗಮನಿಸುತ್ತದೆ. ಔಷಧಿ ಮುಂದಕ್ಕಿರಲಿ ಅಂತ ಉಳಿಸುವುದು ನಮ್ಮಂಥ ಆಟಗಾರರ ಹಳೇ ಅಭ್ಯಾಸ. ಇಲ್ಲಿ ಆ ಜಿಪುಣತನವೂ ಜೇಮ್ಸ್‌ನ ಮನಸ್ಸಿನ ಸಾಕ್ಷಿ! ಹೊಡೆದಾಟ ಮತ್ತು ಮನಸ್ಸು ಇಷ್ಟು ಬಿಗಿಯಾಗಿ ಹೆಣೆದುಕೊಂಡದ್ದು ಉಳಿದೆರಡರಲ್ಲಿ ಇಲ್ಲ.

ಹಳೆಯ ಪಿಸಿ ಇದ್ದವರು ಈವಿಲ್ ವಿದಿನ್ 2 ತಗೊಳ್ಳಿ, ಉಳಿದೆರಡು ಹೊಸ ಗ್ರಾಫಿಕ್ಸ್ ಕಾರ್ಡ್ ಕೇಳುತ್ತವೆ. ಈವಿಲ್ ವಿದಿನ್ 2 ಆಡುವಾಗ ಕ್ಯಾಶುಯಲ್ ಎಂಬ ಸುಲಭ ಮಟ್ಟ ಬಿಟ್ಟು ಸರ್ವೈವಲ್ ಮಟ್ಟ ಆರಿಸಿ. ಗುಂಡು ಧಾರಾಳವಾದರೆ ಹೆದರಿಕೆ ಓಡಿಹೋಗುತ್ತದೆ. ಸೈಲೆಂಟ್ ಹಿಲ್‌ನಲ್ಲಿ ಹೊಡೆದಾಟಕ್ಕೂ ಒಗಟಿಗೂ ಬೇರೆಬೇರೆ ಕಷ್ಟದ ಮಟ್ಟ ಇಡಬಹುದು. ಒಗಟು ಬೇಸರ ಅನ್ನುವವರು ಅದನ್ನು ಇಳಿಸಿ, ಹೊಡೆದಾಟವನ್ನು ಮಾತ್ರ ಇಳಿಸಬೇಡಿ.