ಫೀಲ್ಡ್ ಆಫೀಸ್ ಫೈಲುಗಳಿಗೆ ಶೇರ್‌ಪಾಯಿಂಟಾ, ಅಲ್ಲೇ ಒಂದು ಸರ್ವರಾ?

ಶೇರ್‌ಪಾಯಿಂಟ್ ಅಂದ್ರೆ ನೆಟ್ ಮೂಲಕ ಫೈಲ್ ಇಟ್ಟು ಹಂಚ್ಕೊಳ್ಳೋ ಮೈಕ್ರೋಸಾಫ್ಟಿನ ಕ್ಲೌಡ್ ಜಾಗ. ಅದಾ, ಆಫೀಸಲ್ಲೇ ಸರ್ವರಾ ಅಂತ ನೀವು ಕೇಳಿದ್ದಕ್ಕೆ ನಾನು ಮೊದ್ಲು ನೋಡೋದು ನೆಟ್ಟನ್ನೇ. ಆಫೀಸು ವಿಸ್ಯಾಟ್ (ಡಿಶ್ ಹಾಕಿ ಉಪಗ್ರಹದಿಂದ ಪಡೆಯೋ ನೆಟ್) ಮೇಲೆ ನಡೀತಿದ್ರೆ ಉಪಗ್ರಹ ಸುಮಾರು 36,000 ಕಿ.ಮೀ. ಮೇಲಿರುತ್ತೆ, ಡೇಟಾ ಹೋಗಿಬರೋಕೇ ಅರ್ಧ ಸೆಕೆಂಡ್ ಬೇಕು, ಶೇರ್‌ಪಾಯಿಂಟ್ ಪೇಜ್ ಸುತ್ತುತ್ತಾ ಕೂತಿರುತ್ತೆ, ಅಂಥ ಕಡೆ ಚಿಕ್ಕ ಸರ್ವರ್ ಇಟ್ಟು ರಾತ್ರಿ ಬೇರೆ ಆಫೀಸಿನ ಫೈಲುಗಳ ಜೊತೆ ಸಿಂಕ್ (ಎರಡೂ ಕಡೆ ಒಂದೇ ಆಗೋ ಹಾಗೆ) ಮಾಡ್ಸೋದೇ ವಾಸಿ.

ಆದ್ರೆ ಆಮೇಲೆ ಶುರು ನೋಡಿ ತಲೆನೋವು, ಒಂದೇ ಬಜೆಟ್ ಶೀಟನ್ನ ಎರಡು ಆಫೀಸಲ್ಲಿ ತಿದ್ದಿ "ಫೈನಲ್", "ಫೈನಲ್ 2", "ನಿಜವಾದ ಫೈನಲ್" ಅಂತ ಮೂರು ಹುಟ್ಕೊಂಡಿರುತ್ತೆ. ಹೀಗೆ ನಾಲ್ಕು ಕಡೆಯವ್ರು ಒಂದೇ ಫೈಲ್ ಮುಟ್ಟೋದಾದ್ರೆ ಶೇರ್‌ಪಾಯಿಂಟೇ ಮೇಲು, ಹಳೇ ವರ್ಷನ್ನೂ ಸಿಗುತ್ತೆ.

ಖರ್ಚು? ಕ್ಲೌಡಿಗೆ ತಲೆಗಿಷ್ಟು ಅಂತ ಕಟ್ತಾನೇ ಇರ್ಬೇಕು. ಸರ್ವರಿಗೆ ಒಂದ್ಸಲ ಕೊಟ್ರಾಯ್ತು ಅನ್ಸುತ್ತೆ, ಡಿಸ್ಕ್ ಕೈಕೊಟ್ಟಾಗ ನೋಡೋರು ಬೇಕಲ್ಲ.

ಫಲಾನುಭವಿಗಳ ಹೆಸರಿನ ಪಟ್ಟಿ ಇದ್ದು, ರಾತ್ರೋರಾತ್ರಿ ಆಫೀಸ್ ಬಿಟ್ಟು ಹೊರಡ್ಬೇಕಾಗೋ ಜಾಗವಾದ್ರೆ ಸರ್ವರ್ ಬೇಡ, ಬಿಟ್ಟುಹೋದ್ರೆ ಪಟ್ಟಿ ಯಾರ ಕೈಗಾದ್ರೂ ಸಿಗುತ್ತೆ. ಇಡ್ಲೇಬೇಕಂದ್ರೆ, ಕೀ ಇಲ್ದೆ ಯಾರೂ ಓದೋಕಾಗ್ದ ಹಾಗೆ ಡಿಸ್ಕ್ ಪೂರ್ತಿ ಎನ್‌ಕ್ರಿಪ್ಟ್ ಮಾಡ್ಸಿ.